ಮಹಾಪ್ರಾಣ ಇಲ್ಲದ ಮಾತು

ಏನ್ರೀ,

ಮದುವೆಯಾದಾಗಿನಿಂದ ನಿಮ್ಮನ್ನು ಕರೆದದ್ದು ಹೀಗೇ. ಈಗ ಕಾಗದದ ಮೇಲೆ ‘ಪ್ರಿಯ’ ಎಂದು ಬರೆಯಲು ಹೋದರೆ ನನಗೇ ನಗು ಬರುತ್ತದೆ. ನೀವೂ ಸುಮ್ಮನಿರುತ್ತಿರಲಿಲ್ಲ, ‘ಯಾರಿಗೇ ಬರೀತಿದೀಯ ಇದನ್ನ?’ ಎಂದು ಕಾಲೆಳೆಯುತ್ತಿದ್ದಿರಿ.

ನೀವು ಒಳಕೋಣೆಯಲ್ಲಿ ಮಲಗಿದ್ದೀರಿ, ನಾನು ಊಟದ ಮೇಜಿನ ಮುಂದೆ ಕೂತಿದ್ದೇನೆ. ನಡುವೆ ಇರುವುದು ಒಂದು ಪರದೆ, ಅಷ್ಟೇ. ಇಷ್ಟು ಹತ್ತಿರ ಇರುವ ಗಂಡನಿಗೆ ಯಾರಾದರೂ ಪತ್ರ ಬರೆಯುತ್ತಾರಾ? ಬರೆಯಿರಿ ಎಂದವರು ನಿಮಗೆ ಮಾತು ಕಲಿಸುವ ಮೇಡಂ. ಸ್ಟ್ರೋಕ್ ಆದ ಕೆಲವರಿಗೆ ಮಾತಿಗಿಂತ ಮೊದಲು ಓದು ವಾಪಸ್ ಬರುವುದುಂಟಂತೆ. ‘ದಪ್ಪ ಅಕ್ಷರದಲ್ಲಿ ದಿನಾ ನಾಲ್ಕು ಸಾಲು ಬರೆದು ಮುಂದೆ ಇಡಿ’ ಅಂದರು. ನಾಲ್ಕು ಸಾಲಿಗೆ ನಿಲ್ಲಿಸುವ ಹೆಂಗಸು ನಾನಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು, ಪಾಪ.

ನಿನ್ನೆ ನಡೆದದ್ದನ್ನು ನಿಮಗೆ ಹೇಳಬೇಕು. ನೀವೂ ಅಲ್ಲೇ ಇದ್ದಿರಿ, ನಿಜ. ಆದರೆ ನನ್ನ ಕಡೆಯಿಂದ ಅದು ಹೇಗಿತ್ತು ಎಂಬುದು ನಿಮಗೆ ಗೊತ್ತಿಲ್ಲ. ಎದುರಿಗೆ ಕೂತು ಹೇಳಲು ಹೋದರೆ ಅರ್ಧದಲ್ಲೇ ಅತ್ತುಬಿಡುತ್ತೇನೆ. ಅದಕ್ಕೇ ಈ ಕಾಗದ.

ಎಲ್ಲಿಂದ ಶುರು ಮಾಡಲಿ? ಪ್ರೆಸ್ಸಿನಿಂದಲೇ ಮಾಡುತ್ತೇನೆ. ಮೇಲಿನ ಮಹಡಿಯಲ್ಲಿ ನಾನು, ಕೆಂಪು ಪೆನ್ನು ಹಿಡಿದು ಕರಡು ತಿದ್ದುವವಳು. ಕೆಳಗೆ ನೀವು, ಅಚ್ಚಿನ ಯಂತ್ರಗಳ ವೈರು, ಮೋಟರು ನೋಡಿಕೊಳ್ಳುವ ಎಲೆಕ್ಟ್ರಿಷಿಯನ್. ಒಂದು ದಿನ ಮೆಟ್ಟಿಲ ಬುಡದಲ್ಲಿ ನಿಮ್ಮ ಕೈಬರಹದ ಸೂಚನೆ ನೇತಾಡುತ್ತಿತ್ತು: ‘ಮೆಷಿನ್ ಕೆಟ್ಟಿದೆ, ಯಾರೂ ಮುಟ್ಟಬೇಡಿ, ದನ್ಯವಾದ.’ ನಾನು ಸುಮ್ಮನೆ ಹಾದುಹೋಗುವವಳಾ? ದ ಅಕ್ಷರದ ಹೊಟ್ಟೆ ಸೀಳಿ ಧ ಮಾಡಿ ಮೇಲೆ ಹೋದೆ. ಮಾರನೆಯ ವಾರ ‘ವಿದ್ಯುತ್ ಬಯ ಇದೆ’ ಬಂತು. ಅದನ್ನೂ ತಿದ್ದಿದೆ. ಆಮೇಲೆ ಪ್ರತಿ ವಾರವೂ ಒಂದಲ್ಲ ಒಂದು ಯಂತ್ರ ಕೆಡತೊಡಗಿತು, ಪ್ರತಿ ಸೂಚನೆಯಲ್ಲೂ ಒಂದು ಮಹಾಪ್ರಾಣ ಕಾಣೆಯಾಗತೊಡಗಿತು. ಮೊದಲೆರಡು ಮಾತ್ರ ನಿಜವಾದ ತಪ್ಪು, ಉಳಿದದ್ದೆಲ್ಲ ಬೇಕೂ ಅಂತಲೇ ಎಂದು ನೀವು ಬಾಯಿಬಿಟ್ಟದ್ದು ಮದುವೆಯಾದ ಮೇಲೆ. ಅಂಥ ಖದೀಮರು ನೀವು.

ಬರವಣಿಗೆಯಲ್ಲಿ ಆಟವಾಡಿದರೂ ನಾಲಿಗೆಯಲ್ಲಿ ಮಾತ್ರ ನಿಮಗೆ ಮಹಾಪ್ರಾಣ ನಿಜಕ್ಕೂ ಹೊರಳುತ್ತಿರಲಿಲ್ಲ. ಭಾಷೆ ಬಾಷೆಯೇ, ಕಥೆ ಕತೆಯೇ, ಅರ್ಥ ಅರ್ತವೇ. ‘ಹೊಟ್ಟೆಯಿಂದ ಉಸಿರು ಬರಲಿ ರೀ’ ಎಂದು ನಾನು ರೇಗಿದರೆ, ‘ಮಹಾಪ್ರಾಣ ಹೇಳೋಕೆ ಹೋದ್ರೆ ಇರೋ ಪ್ರಾಣ ಹೋಗುತ್ತೆ ಕಣೇ, ಬಿಡು’ ಎನ್ನುತ್ತಿದ್ದಿರಿ. ಮಗಳು ಚಿಕ್ಕವಳಿದ್ದಾಗ ಅವಳಿಗೂ ಅದೇ ಅಂಟಿಕೊಳ್ಳುತ್ತದೇನೋ ಎಂದು ನನಗೆ ಎಷ್ಟು ಆತಂಕವಿತ್ತು! ಅವಳೆದುರು ನಿಮ್ಮ ಮಾತನ್ನು ಮಾತುಮಾತಿಗೂ ತಿದ್ದುತ್ತಿದ್ದೆ. ನೀವು ಕೋಪಿಸಿಕೊಂಡದ್ದು ನನಗೆ ನೆನಪಿಲ್ಲ.

ಆಮೇಲೆ ನನ್ನ ಸವತಿ ಮನೆಗೆ ಬಂದಳು. ಗುಜರಿಯವನ ಶೆಡ್ಡಿನಿಂದ ಹಗ್ಗ ಕಟ್ಟಿ ಎಳೆದು ತಂದ ಆ ಹಳೆಯ ಸ್ಪೋರ್ಟ್ಸ್ ಕಾರಿಗೆ ನಾನಿಟ್ಟ ಹೆಸರು ಅದು. ಎರಡೇ ಸೀಟು, ಮಡಚುವ ಚಾವಣಿ, ಕೂತರೆ ನೆಲದ ಮೇಲೇ ಕೂತ ಹಾಗೆ. ಎದ್ದು ಬರಬೇಕಾದರೆ ನಿಮ್ಮ ಕೈ ಬೇಕೇ ಬೇಕು. ‘ಅದಕ್ಕೇ ಇಂಥದ್ದು ತಂದಿದ್ದು’ ಎಂದು ಕಣ್ಣು ಹೊಡೆದಿರಿ. ರಜೆಯ ದಿನ ಅವಳ ಬಾನೆಟ್ಟಿನೊಳಗೆ ತಲೆ ತೂರಿಸಿದರೆ ಊಟದ ಹೊತ್ತಿಗೂ ತೆಗೆಯುತ್ತಿರಲಿಲ್ಲ. ನಾನು ಹೊಸ್ತಿಲಲ್ಲಿ ನಿಂತು, ‘ಅವಳ ಜೊತೇನೇ ಊಟ ಮಾಡ್ತೀರೋ, ನನ್ನ ಜೊತೆಗೋ?’ ಎಂದು ಕೂಗುತ್ತಿದ್ದೆ. ಒಳಗಿನಿಂದ ನಿಮ್ಮ ನಗು ಕೇಳಿಸುತ್ತಿತ್ತು. ಆ ನಗು ಬೇಕು ರೀ ನನಗೆ. ಉಳಿದದ್ದೆಲ್ಲ ಹಾಗಿರಲಿ, ಬಾನೆಟ್ಟಿನೊಳಗಿಂದ ಬರುತ್ತಿದ್ದ ಆ ಒಂದು ನಗು ಸಿಕ್ಕರೆ ಸಾಕು ಎಂದು ಈ ತಿಂಗಳುಗಳಲ್ಲಿ ಎಷ್ಟು ಸಲ ಅಂದುಕೊಂಡಿದ್ದೇನೋ.

ಅವಳಿಗೆ ಹೊಸದಾಗಿ ಬಣ್ಣ ಹೊಡೆಸಬೇಕೆಂದು ಎಲ್ಲ ಬಿಚ್ಚಿ ಪೇಂಟರ್ ಹತ್ತಿರ ಬಿಟ್ಟು ಬಂದಿರಿ. ‘ಒಳಗೂ ಹೊಡೀಬೇಕು, ಇಂಜಿನ್ ಕೂರೋ ಜಾಗಕ್ಕೂ. ಒಂದು ಚೂರೂ ತಗಡು ಕಾಣಬಾರದು’ ಎಂದು ಅವನಿಗೆ ತಾಕೀತು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ವಾಪಸ್ ಬಂದ ಮೇಲೆ ಜೋಡಿಸುವ ಕೆಲಸ ನಿಮ್ಮದೇ ಎಂದೂ ಹೇಳಿದ್ದಿರಿ. ಅದೇ ವಾರ ತಿಂಡಿಗೆ ಕೂತಾಗ ನಿಮ್ಮ ಕೈಯಿಂದ ಲೋಟ ಜಾರಿತು. ನೀವು ಅದನ್ನು ನೋಡುತ್ತ ಕೂತಿರಿ, ಎತ್ತಿಕೊಳ್ಳಲಿಲ್ಲ. ನಾನು ಬೈಯಲು ಬಾಯಿ ತೆರೆದೆ, ಆಗ ನಿಮ್ಮ ಮುಖ ಒಂದು ಕಡೆಗೆ ವಾಲಿದ್ದು ಕಂಡಿತು.

ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಒಂದು ಅಕ್ಷರ ಇಲ್ಲ. ಮೇಡಂ ಚಿತ್ರದ ಕಾರ್ಡು ಹಿಡಿದು, ‘ಚಮಚ ಯಾವುದು ತೋರ್ಸಿ ಸರ್’ ಎಂದರೆ ಗೋಡೆ ನೋಡುತ್ತಿದ್ದಿರಿ. ನನ್ನ ಕೈ ಹಿಡಿದುಕೊಳ್ಳುವ ದಿನಗಳಿದ್ದವು, ಹಿಡಿದರೂ ಗೊತ್ತಾಗದ ದಿನಗಳಿದ್ದವು. ಯಾವುದು ಯಾವಾಗ ಎಂದು ಹೇಳಲು ಬರುತ್ತಿರಲಿಲ್ಲ.

ಅಷ್ಟರಲ್ಲಿ ಪೇಂಟರ್ ತಾನೇ ಕೈಲಾದಂತೆ ಎಲ್ಲ ಜೋಡಿಸಿ ಗಾಡಿ ತಂದು ನಿಮ್ಮ ಕೋಣೆಯ ಕಿಟಕಿಯ ಹೊರಗಿರುವ ಶೆಡ್ಡಿನ ಮುಂದೆ ನಿಲ್ಲಿಸಿದ. ಒಳಗೆ ತಳ್ಳುವ ಮೊದಲು ಇನ್ನೊಮ್ಮೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗಲಿಲ್ಲ. ಕಟ್ ಎಂದು ಒಂದು ಸದ್ದು, ಅಷ್ಟೇ. ಮತ್ತೆ ಕಟ್. ಆ ಹೊತ್ತಿಗೆ ಮಗಳು ನಿಮಗೆ ಊಟ ಮಾಡಿಸುತ್ತಿದ್ದಳು. ‘ಅಪ್ಪಾ, ಇನ್ನೊಂದು ತುತ್ತು?’ ಎಂದು ಕೇಳಿದಳು. ನೀವು ಬಾಯಿ ತೆರೆದಿರಿ. ತುತ್ತಿಗಲ್ಲ.

‘ಅರ್ತಾಗ್ತಿಲ್ಲ’ ಅಂದಿರಿ.

ತಿಂಗಳುಗಟ್ಟಲೆ ಕಾದ ಮೇಲೆ ಬಂದ ಮೊದಲ ಮಾತು! ನಾನು ಅಡುಗೆಮನೆಯಿಂದ ಓಡಿ ಬಂದೆ. ಮಗಳು ತಟ್ಟೆ ಕೆಳಗಿಟ್ಟು ನನ್ನನ್ನು ತಬ್ಬಿಕೊಂಡಳು. ಆಮೇಲೆ ಇಬ್ಬರಿಗೂ ಆ ಮಾತು ಏನು ಎಂಬುದು ಹೊಳೆಯಿತು. ಅರ್ಥ ಆಗುತ್ತಿಲ್ಲ. ಇನ್ನೊಂದು ತುತ್ತು ಬೇಕಾ ಎಂದು ಮಗಳು ಕೇಳಿದರೆ ಅಪ್ಪನಿಗೆ ಅರ್ಥ ಆಗುತ್ತಿಲ್ಲ. ಅವಳು ಎದ್ದು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನನ್ನ ಬುದ್ಧಿ ನೋಡಿ, ಆ ಸ್ಥಿತಿಯಲ್ಲೂ ಮನಸ್ಸು ಒಳಗೊಳಗೇ ತಿದ್ದಿತು: ಅರ್ತ ಅಲ್ಲ ರೀ, ಅರ್ಥ.

ಆಮೇಲೆ ಆಗಾಗ ಅದೊಂದೇ ಮಾತು. ‘ಟೀವಿ ಹಾಕ್ಲಾ?’ ಎಂದು ಕೇಳಿದರೆ ಅರ್ತಾಗ್ತಿಲ್ಲ. ‘ಮಗ್ಗುಲು ಬದಲಾಯಿಸ್ಲಾ?’ ಎಂದರೆ ಅರ್ತಾಗ್ತಿಲ್ಲ. ಡಾಕ್ಟರ್ ತಲೆಯಾಡಿಸಿದರು. ‘ಮಾತು ಬರದೇ ಇರೋದು ಬೇರೆ, ನಾವು ಹೇಳಿದ್ದು ಒಳಗೆ ಹೋಗದೇ ಇರೋದು ಬೇರೆ’ ಎಂದು ವಿವರಿಸಿದರು. ಮಗಳು ನನ್ನ ಭುಜ ಹಿಡಿದು, ‘ಒಪ್ಕೊಳಮ್ಮಾ. ಅಪ್ಪನಿಗೆ ಏನೂ ಗೊತ್ತಾಗಲ್ಲ ಈಗ. ಗಾಡಿ ಮಾರಿ, ಇಬ್ರೂ ನಮ್ಮನೆಗೆ ಬಂದ್ಬಿಡಿ’ ಎಂದಳು. ಅವಳದೇನೂ ತಪ್ಪಿಲ್ಲ, ನಮ್ಮಿಬ್ಬರನ್ನೂ ಹೊರಲು ಸಿದ್ಧಳಾಗಿ ನಿಂತಿದ್ದಳು ಕೂಸು. ನಾನು ಹೂಂ ಅಂದೆ. ನೀವು ಪಕ್ಕದಲ್ಲೇ ಕೂತಿದ್ದಿರಿ. ನಿಮ್ಮನ್ನು ಕೇಳಬೇಕು ಎಂದು ನಮಗಿಬ್ಬರಿಗೂ ಅನ್ನಿಸಲೇ ಇಲ್ಲ.

ಗಿರಾಕಿಯೂ ಸಿಕ್ಕ. ‘ನನ್ನ ಮುಂದೆ ಸ್ಟಾರ್ಟ್ ಮಾಡಿ ತೋರ್ಸಿ, ತಗೊಂಡು ಹೋಗ್ತೀನಿ’ ಎಂದ. ಹಾಗಾಗಿ ಬ್ಯಾಟರಿ ಅಂಗಡಿಯವನನ್ನು ಕರೆಸಿದೆ. ಮಹಾ ಮಾತುಗಾರ ಆಸಾಮಿ. ಏನು ನೋಡಿದರೂ ‘ಇದೇ ಪ್ರಾಬ್ಲಮ್ಮು, ಗ್ಯಾರಂಟಿ’ ಎನ್ನುವವನು. ಮೊದಲು ಬ್ಯಾಟರಿ ಬದಲಾಯಿಸಿದ. ಎರಡು ದಿನ ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಎದ್ದಳು, ಮೂರನೆಯ ದಿನ ಕಟ್. ಇಂಜಿನ್ ಎಬ್ಬಿಸುವ ಸೆಲ್ಫ್ ಮೋಟರೇ ಹೋಗಿದೆ, ಗ್ಯಾರಂಟಿ ಎಂದು ಅದನ್ನು ಬಿಚ್ಚಿಕೊಂಡು ಹೋದ. ಅಂಗಡಿಯ ಮೇಜಿನ ಮೇಲೆ ಅದು ಚೆನ್ನಾಗಿಯೇ ತಿರುಗಿತಂತೆ. ತಂದು ಹಾಕಿದರೆ ಗಾಡಿ ಒಂದು ಸಲ ಎದ್ದಿತು, ಒಂದು ಸುತ್ತು ಹೋಗಿ ಬಂದು ಬಿಸಿಯಾದ ಮೇಲೆ ಮತ್ತೆ ಮುನಿಸು. ಓಡುವಾಗಲೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು. ಚಾರ್ಜ್ ಆಗ್ತಿಲ್ಲ, ಬ್ಯಾಟರಿಗೆ ಕರೆಂಟು ತುಂಬೋ ಆಲ್ಟರ್ನೇಟರ್ ಹೋಗಿದೆ, ಗ್ಯಾರಂಟಿ ಎಂದ. ಅದನ್ನೂ ಬಿಚ್ಚಿ ಪರೀಕ್ಷೆ ಮಾಡಿಸಿದರೆ ಅದೂ ಗುಂಡುಕಲ್ಲಿನ ಹಾಗಿದೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿ, ಒಟ್ಟಿಗೆ ಜೋಡಿಸಿದರೆ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇಲ್ಲ. ನಿಮ್ಮ ಡಾಕ್ಟರು ಸ್ಕ್ಯಾನ್ ನೋಡಿ ಹೇಳುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ನನಗೆ ಆ ಗಾಡಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅವನು ಪ್ರತಿ ಸಲ ಕೀ ತಿರುಗಿಸಿದಾಗಲೂ ಕಿಟಕಿಯ ಒಳಗೆ ನೀವು ಅದೇ ಮಾತು ಹೇಳುತ್ತಿದ್ದಿರಿ. ಗಾಜು ಮುಚ್ಚಿದ್ದರಿಂದ ಅವನಿಗೆ ಕೇಳುತ್ತಿರಲಿಲ್ಲ. ಕೇಳುತ್ತಿದ್ದವಳು ನಾನು.

ನಿನ್ನೆ ಬಿಸಿಲು ಚೆನ್ನಾಗಿತ್ತು. ಗಾಲಿಕುರ್ಚಿಯಲ್ಲಿ ನಿಮ್ಮನ್ನು ಮೊದಲ ಸಲ ಜಗುಲಿಗೆ ತಂದು ಕೂರಿಸಿದೆ. ಬ್ಯಾಟರಿಯವನು ಒಳಗೆ ಕೂತು ಸೆಲ್ಫ್ ಹೊಡೆಯುತ್ತಿದ್ದ. ಬಾನೆಟ್ಟಿನ ಕೋಲು ಸಡಿಲವಾಗಿದೆ ಎಂದು ನಾನು ಒಂದು ಕೈಯಲ್ಲಿ ಬಾನೆಟ್ ಹಿಡಿದು ನಿಂತಿದ್ದೆ. ಇನ್ನೊಂದು ಕೈ ಊರಲು ಹೋಗಿ ಆಕ್ಸಿಲರೇಟರ್ ಕೇಬಲ್ ಮೇಲೆ ಬಿತ್ತು. ಚುರ್ ಅಂತು. ‘ಅಯ್ಯಯ್ಯೋ!’ ಎಂದು ಕೈ ಕೊಡವಿದೆ. ಅವನು ಇಳಿದು ಬಂದು ಮುಟ್ಟಿ ನೋಡಿ, ಮೊದಲ ಸಲ ಗ್ಯಾರಂಟಿ ಎನ್ನಲಿಲ್ಲ. ‘ಇದ್ಯಾಕೆ ಕಾದಿದೆ? ಇದರಲ್ಲಿ ಕರೆಂಟೇ ಹೋಗಲ್ವಲ್ಲ’ ಎಂದು ತಲೆ ಕೆರೆದುಕೊಂಡ. ಮೀಟರ್ ತಂದು ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಮೈಗೆ ಒತ್ತಿ, ನನಗೆ ಕೀ ತಿರುಗಿಸಲು ಹೇಳಿದ. ಕಟ್. ‘ನೋಡಿ, ನೋಡಿ! ಇಲ್ಲಿ ಸೊನ್ನೆ ಹತ್ರ ಇರ್ಬೇಕು, ಎಷ್ಟು ಮೇಲೆ ಹೋಗ್ತಿದೆ!’ ಎಂದು ಕುಣಿದ.

ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದ. ಬ್ಯಾಟರಿಯಿಂದ ಹೊರಟ ಕರೆಂಟು ಸೆಲ್ಫ್ ತಿರುಗಿಸಿ ಗಾಡಿಯ ಮೈಯ ಮೂಲಕವೇ ವಾಪಸ್ ಮನೆಗೆ ಬರಬೇಕಂತೆ. ಹೋಗುವ ದಾರಿ ಸರಿಯಿದೆ, ವಾಪಸ್ ಬರುವ ದಾರಿ ಕಟ್ಟಿದೆ. ಬೇರೆ ದಾರಿಯಿಲ್ಲದೆ ಪಾಪದ ಆಕ್ಸಿಲರೇಟರ್ ಕೇಬಲ್ಲಿನಲ್ಲಿ ನುಗ್ಗುತ್ತಿದೆ, ಅದಕ್ಕೇ ಅದು ಕಾದಿದೆ. ಆಲ್ಟರ್ನೇಟರ್ ದುಡಿದದ್ದೂ ಬ್ಯಾಟರಿಗೆ ಮುಟ್ಟದಿರುವುದು ಇದರಿಂದಲೇ. ಇಷ್ಟು ಹೇಳಿ ಮೀಟರ್ ಮಡಚುತ್ತ ಅಂದ, ‘ಎಲ್ಲಾ ಸರಿ ಇದೆ ಅಮ್ಮ. ಅರ್ತಾಗ್ತಿಲ್ಲ, ಅಷ್ಟೇ.’

ಜಗುಲಿಯಿಂದ ನೀವೂ ಅಂದಿರಿ. ‘ಅರ್ತಾಗ್ತಿಲ್ಲ.’

ಅವನು ನಕ್ಕ. ‘ನೋಡಿ, ಯಜಮಾನ್ರೂ ಅದೇ ಹೇಳ್ತಿದಾರೆ. ಇಂಜಿನ್ನಿಂದ ಗಾಡಿ ಬಾಡೀಗೆ ಅರ್ತ್ ಆಗ್ತಿಲ್ಲ’ ಎಂದು ಪಾನಾ ಹುಡುಕಲು ಚೀಲಕ್ಕೆ ಕೈ ಹಾಕಿದ. ಅವನ ಪಾಲಿಗೆ ಅದು ಇಬ್ಬರು ಕೆಲಸಗಾರರು ಒಂದೇ ಮಾತು ಆಡಿದ ಹಾಗೆ, ಅದರಲ್ಲಿ ಏನೂ ವಿಶೇಷವಿರಲಿಲ್ಲ. ನನಗೆ ಹೊಳೆದದ್ದು ಆಗಲೇ. ಅರ್ತ್. ಇಂಗ್ಲಿಷಿನ ಅರ್ತ್: ಅರ್ತ್ ವೈರು, ಅರ್ತ್ ಪಿನ್ನು. ನೀವು ಪ್ರೆಸ್ಸಿನ ಕೆಳಗಿನ ಮಹಡಿಯಲ್ಲಿ ದಿನಬೆಳಗಾದರೆ ಆಡುತ್ತಿದ್ದ ಮಾತು. ಅದರಲ್ಲಿ ಮಹಾಪ್ರಾಣ ಇರಲೇ ಇಲ್ಲ ರೀ, ಬೇಕಾಗಿಯೂ ಇರಲಿಲ್ಲ. ಸರಿಯಾಗಿದ್ದ ಮಾತನ್ನು ನಾನು ತಿದ್ದಿ ಓದಿಕೊಂಡಿದ್ದೆ. ಬೇರೆ ಯಾರ ಹೆಂಡತಿಯೂ ಈ ತಪ್ಪು ಮಾಡುತ್ತಿರಲಿಲ್ಲ.

ಜಗುಲಿಗೆ ಹೇಗೆ ಬಂದೆನೋ ತಿಳಿಯದು. ನಿಮ್ಮ ಮೊಣಕಾಲ ಹತ್ತಿರ ಕೂತು, ‘ಅರ್ತ್ ಅಂತಾನಾ ರೀ? ಇಷ್ಟು ದಿನ ಹೇಳ್ತಿದ್ದಿದ್ದು ಅರ್ತ್ ಅಂತಾನಾ?’ ಎಂದು ಕೇಳಿದೆ. ನೀವು ನನ್ನನ್ನೇ ನೋಡಿದಿರಿ. ಆಮೇಲೆ ಎಡಗೈ ಎತ್ತಿ ಪಟ್ ಎಂದು ಹಣೆ ಚಚ್ಚಿಕೊಂಡಿರಿ. ಫ್ಯೂಸ್ ಹೋದದ್ದಕ್ಕೆ ನಾನು ಬಲ್ಬ್ ಬದಲಾಯಿಸಿದಾಗ ಚಚ್ಚಿಕೊಳ್ಳುತ್ತಿದ್ದಿರಲ್ಲ, ಥೇಟ್ ಹಾಗೆಯೇ. ಮುಖದ ಎಡ ಅರ್ಧ ನಕ್ಕಿತು, ಕಣ್ಣು ಎರಡೂ ತುಂಬಿ ಬಂದವು. ನಾನು ನಿಮ್ಮ ತೊಡೆಗೆ ತಲೆಯಿಟ್ಟು ಹೋ ಎಂದು ಅತ್ತೆ. ಬ್ಯಾಟರಿಯವನು ಹೆದರಿ, ‘ಅಮ್ಮಾ, ದೊಡ್ಡ ಖರ್ಚೇನಿಲ್ಲ, ಅಳ್ಬೇಡಿ’ ಎಂದು ಸಮಾಧಾನ ಮಾಡಿದ.

ಇಂಜಿನ್ನಿನಿಂದ ಗಾಡಿಯ ಮೈಗೆ ಬರುವ ಅರ್ತ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಹೊಸ ಬಣ್ಣ ನಗುತ್ತಿತ್ತು. ನಿಮ್ಮ ಅಪ್ಪಣೆಯನ್ನು ಪೇಂಟರ್ ಅಕ್ಷರಶಃ ಪಾಲಿಸಿದ್ದ, ಒಂದು ಚೂರೂ ತಗಡು ಕಾಣುತ್ತಿರಲಿಲ್ಲ. ಆ ಬಣ್ಣದ ಮೇಲೇ ಪಟ್ಟಿ ಕೂರಿಸಿ ಬಿಗಿದಿದ್ದ. ಬೋಲ್ಟಿನ ಸುತ್ತು ಎಲ್ಲೋ ಒಂಚೂರು ತಗಡಿಗೆ ತಗುಲಿದಾಗ ಗಾಡಿ ಏಳುತ್ತಿತ್ತು, ತಗುಲದಿದ್ದಾಗ ಇಲ್ಲ. ಜೋಡಿಸುವವರು ನೀವಾಗಿದ್ದರೆ ಮೊದಲು ಅಲ್ಲಿ ಕೆರೆದೇ ಪಟ್ಟಿ ಹಾಕುತ್ತಿದ್ದಿರಿ. ಕಟ್ ಎಂಬ ಮೊದಲ ಸದ್ದಿಗೇ ನಿಮಗೆ ಅದು ಗೊತ್ತಾಗಿತ್ತು. ಮಲಗಿದ ಕಡೆಯಿಂದಲೇ, ಬಾಯಿಗೆ ತುತ್ತು ಹಿಡಿದು ನಿಂತ ಮಗಳಿಗೆ, ಅದನ್ನೇ ಹೇಳಿದ್ದಿರಿ.

ಕುರ್ಚಿಯನ್ನು ಗಾಡಿಯ ಹತ್ತಿರ ತಳ್ಳಿಕೊಂಡು ಬಂದೆ. ಅವನು ಚಾಕುವಿನಿಂದ ನಾಲ್ಕು ಸಲ ಗೀಚಿ, ಸಾಕು ಎಂದ. ‘ಊಹೂಂ’ ಎಂದಿರಿ. ಅವನು ಇನ್ನಷ್ಟು ಗೀಚಿದ. ‘ಊಹೂಂ.’ ಆಮೇಲೆ ಎಡಗೈ ಚಾಚಿದಿರಿ. ಅವನು ಎಮರಿ ಕಾಗದ ಕೊಟ್ಟ. ಆ ಗಾಡಿ ಅಷ್ಟು ಗಿಡ್ಡವಾಗಿದ್ದದ್ದು ಒಳ್ಳೆಯದಾಯಿತು ಎಂದು ನನಗೆ ಮೊದಲ ಬಾರಿಗೆ ಅನ್ನಿಸಿತು. ನೀವು ಬಗ್ಗಿ ಉಜ್ಜಿದಿರಿ, ನಾನು ಹಿಂದಿನಿಂದ ಅಂಗಿ ಹಿಡಿದುಕೊಂಡು ನಿಂತೆ. ಜೀವಮಾನದಲ್ಲಿ ಎಡಗೈಯಲ್ಲಿ ಏನೂ ಮಾಡದವರು, ತಗಡು ಬೆಳ್ಳಗೆ ಹೊಳೆಯುವ ತನಕ ಬಿಡಲಿಲ್ಲ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಒರೆಸಲು ಹೋದರೆ ತಲೆ ಕೊಡವಿ ಬೈದಿರಿ, ಬೈಗುಳಕ್ಕೆ ಮಾತೇ ಬೇಕೆಂದಿಲ್ಲ.

ಪಟ್ಟಿ ಬಿಗಿದ ಮೇಲೆ ಕೀ ತಿರುಗಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದಳು. ಕೆಂಪು ದೀಪ ಆರಿತು. ಬ್ಯಾಟರಿಯ ಮೇಲೆ ಮೀಟರ್ ಇಟ್ಟು ಚಾರ್ಜ್ ಆಗುವುದನ್ನೂ ನಿಮಗೆ ತೋರಿಸಿದ. ಒಂದು ಸಲಕ್ಕೆ ನೀವು ನಂಬುವವರಲ್ಲ, ಆರಿಸು, ಹಾಕು, ಆರಿಸು, ಹಾಕು ಎಂದು ಬೆರಳಾಡಿಸುತ್ತಲೇ ಇದ್ದಿರಿ. ಇಂಜಿನ್ ಬಿಸಿಯಾದ ಮೇಲೂ ಮಾಡಿಸಿದಿರಿ. ‘ಇನ್ನು ತೊಂದ್ರೆ ಇಲ್ಲ, ಗ್ಯಾರಂಟಿ’ ಎಂದು ಅವನು ಹೇಳಿದಾಗ ನೀವು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ್ದನ್ನು ಅವನು ನೋಡಲಿಲ್ಲ, ಸದ್ಯ.

ಎಲ್ಲ ಸರಿಹೋಯಿತು ಎಂದು ನಾನೇನೂ ಕುಣಿಯುತ್ತಿಲ್ಲ. ಇವತ್ತು ಬೆಳಿಗ್ಗೆ ಕಪ್ಪು ತೋರಿಸಿ ‘ಇದೇನು ಹೇಳಿ’ ಎಂದೆ, ನೀವು ತುಂಬ ಹೊತ್ತು ನೋಡಿ ತಲೆ ತಗ್ಗಿಸಿದಿರಿ. ಆಗ ನಿಮ್ಮ ಮುಖದಲ್ಲಿ ಇದ್ದ ನಾಚಿಕೆಯನ್ನು ನನ್ನಿಂದ ನೋಡಲಾಗಲಿಲ್ಲ. ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ‘ಒಂದು ಮಾತು ಜಾಗಕ್ಕೆ ಸರಿಯಾಗಿ ಬಂದಿದೆ ಅಂದ್ರೆ ದೊಡ್ಡದು, ಆದ್ರೆ ನಿಧಾನ’ ಎಂದರು. ಇರಲಿ, ನಿಧಾನವೇ ಇರಲಿ.

ಒಂದು ವಿಚಿತ್ರ ಹೇಳಲಾ? ನೀವು ಹೋಗಿಬಿಟ್ಟಿರಿ ಎಂದುಕೊಂಡಾಗ ಇದ್ದ ದುಃಖಕ್ಕಿಂತ, ನೀವು ಇಲ್ಲೇ ಇದ್ದೀರಿ ಎಂದು ತಿಳಿದ ಮೇಲಿನ ಈ ಹಂಬಲ ಜಾಸ್ತಿ ಸುಡುತ್ತಿದೆ. ಇದ್ದೀರಿ, ಕೇಳುತ್ತಿದ್ದೀರಿ, ನಗುತ್ತಿದ್ದೀರಿ, ನನ್ನ ಅಡುಗೆಗೆ ಒಳಗೊಳಗೇ ಹೆಸರಿಡುತ್ತಿದ್ದೀರಿ. ನನಗೆ ಅದು ಬೇಕು. ಬಾಷೆ ಅನ್ನಿ, ಕತೆ ಅನ್ನಿ, ಬಾಯಿಗೆ ಬಂದದ್ದು ಅನ್ನಿ. ಪರದೆಯ ಆಚೆ ನಿಮ್ಮ ಉಸಿರು ಕೇಳುತ್ತಿದೆ, ಆದರೂ ನಿಮ್ಮನ್ನು ನೋಡಿ ವರ್ಷಗಳಾದವು ಎಂಬಂತೆ ಒದ್ದಾಡುತ್ತಿದ್ದೇನೆ.

ಮಧ್ಯಾಹ್ನ ಮಗಳು ಫೋನ್ ಮಾಡಿದ್ದಳು. ‘ಗಿರಾಕಿ ಭಾನುವಾರ ಬರ್ತಾನಂತೆ ಅಮ್ಮ. ಹೂಂ ಅನ್ಲಾ?’ ಎಂದಳು.

‘ತಾಳು, ಅಪ್ಪನ್ನ ಕೇಳಿ ಹೇಳ್ತೀನಿ’ ಅಂದೆ.

‘ಅಪ್ಪನ್ನಾ?’ ಎಂದಳು. ಆಮೇಲೆ ನಿನ್ನೆಯದನ್ನೆಲ್ಲ ಹೇಳಿದೆ, ತುತ್ತಿನ ವಿಷಯವನ್ನೂ ಹೇಳಿದೆ. ಮೂಗೆಳೆಯುವ ಸದ್ದು ಕೇಳಿಸಿತು. ‘ಹಾಗಿದ್ರೆ ಇನ್ನೊಂದೂ ಕೇಳಮ್ಮ’ ಎಂದಳು, ‘ನಮ್ಮನೆಗೆ ಬಂದಿರೋಕೆ ಇಷ್ಟ ಇದ್ಯಾ ಅಂತ. ನಾನು ಅಪ್ಪನ್ನ ಕೇಳ್ಲೇ ಇಲ್ಲ.’

ನೀವು ಎದ್ದ ಮೇಲೆ ಎರಡನ್ನೂ ಕೇಳುತ್ತೇನೆ. ಮೂರನೆಯದೊಂದು ನನ್ನದೂ ಇದೆ: ಇಷ್ಟು ದಿನ ನಿಮ್ಮ ಪರವಾಗಿ ನಾನೇ ಎಲ್ಲದಕ್ಕೂ ಹೂಂ ಅಂದುಬಿಟ್ಟೆನಲ್ಲ, ಸಿಟ್ಟಿದೆಯಾ? ಇದ್ದರೆ ಇದೆ ಅಂತ ತೋರಿಸಿ, ಬಚ್ಚಿಡಬೇಡಿ. ಹೂಂ ಅನ್ನಿ, ಊಹೂಂ ಅನ್ನಿ, ಬೆರಳಾಡಿಸಿ. ಎಷ್ಟು ಹೊತ್ತಾದರೂ ಆಗಲಿ. ನೀವು ಹೇಳಿ ಮುಗಿಸುವ ತನಕ ನಾನು ಬಾಯಿ ಹಾಕುವುದಿಲ್ಲ. ನನಗೆ ಅದು ಎಷ್ಟು ಕಷ್ಟ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಂಚ ಕಿರ್ ಎಂದಿತು. ಎದ್ದಿರಿ ಅಂತ ಕಾಣುತ್ತದೆ. ಬಂದೆ.

ನಿಮ್ಮ ನಾಲಿಗೆಗೆ ಅದರ ದಾರಿ ಬೇಗ ಸಿಗಲಿ, ಕೇಳುವ ಕಿವಿ ನನಗೂ ಬರಲಿ.

ಪರದೆಯ ಈಚೆಯಿಂದ,
ನಿಮ್ಮವಳೇ